ಕುಬ್ಲಾಯ್ ಖಾನನ ಬೀಗರು

ಪೂರ್ವ ಏಷ್ಯಾದ ಇತಿಹಾಸ ಪಾಠ ಮಾಡುವವರಿಗೆ ತರಗತಿಯಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಚೀನಾ ತನ್ನ ನೆರೆಹೊರೆಗೆ ಲಿಪಿ ಕೊಟ್ಟಿತು, ಕನ್‌ಫ್ಯೂಷಿಯಸ್‌ನ ವಿಚಾರ ಕೊಟ್ಟಿತು, ಅಧಿಕಾರಿಗಳನ್ನು ಆರಿಸುವ ಪರೀಕ್ಷೆ ಕೊಟ್ಟಿತು. ಮಂಗೋಲರು ಏನು ಕೊಟ್ಟರು? ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಾಗಿರುತ್ತದೆ: ಊರು ಸುಟ್ಟರು, ಜನರನ್ನು ಕೊಂದರು, ಹೊರಟುಹೋದರು. ಚೀನಾ ಎಂದರೆ ನಾಗರಿಕತೆ, ಮಂಗೋಲರು ಎಂದರೆ ಕುದುರೆ ಮತ್ತು ಕತ್ತಿ ಎಂಬ ಈ ವಿಂಗಡಣೆ ಕೊರಿಯಾದ ಗಡಿ ದಾಟಿದ ಕೂಡಲೇ ಕುಸಿಯುತ್ತದೆ. ಕೊರಿಯಾದ ಬದುಕಿನಲ್ಲಿ ಚೀನಾದ ಅತಿ ಆಳವಾದ ಮುದ್ರೆ ಎಂದು ನಾವು ಹೇಳುವ ಸಂಗತಿ ಅಲ್ಲಿಗೆ ತಲುಪಿದ್ದೇ ಮಂಗೋಲರ ರಾಜಧಾನಿಯ ದಾರಿಯಲ್ಲಿ.

ಸುಟ್ಟದ್ದು ಸುಳ್ಳಲ್ಲ. 1231ರಲ್ಲಿ ಮಂಗೋಲ್ ಸೇನೆ ಗೊರ್ಯೊ ರಾಜ್ಯಕ್ಕೆ, ಎಂದರೆ ಅಂದಿನ ಕೊರಿಯಾಕ್ಕೆ, ನುಗ್ಗಿತು. ಆಗ ಅಲ್ಲಿ ನಿಜವಾದ ಅಧಿಕಾರವಿದ್ದದ್ದು ರಾಜನ ಕೈಯಲ್ಲಲ್ಲ, ಚೊಯೆ ಎಂಬ ಸೇನಾನಿ ಮನೆತನದ ಕೈಯಲ್ಲಿ. ಮರುವರ್ಷವೇ ಆ ಮನೆತನ ರಾಜನನ್ನೂ ಆಸ್ಥಾನವನ್ನೂ ಕರೆದುಕೊಂಡು ಗಾಂಗ್‌ಹ್ವಾ ದ್ವೀಪ ಸೇರಿತು. ನಡುವಿನ ಕಡಲು ಕಿರಿದಾದರೂ ಹುಲ್ಲುಗಾವಲಿನ ಸವಾರರನ್ನು ತಡೆಯಲು ಸಾಕಾಯಿತು. ದ್ವೀಪದಲ್ಲಿದ್ದವರು ಉಳಿದರು, ನಾಡಿನಲ್ಲಿದ್ದ ರೈತರು ಮೂರು ದಶಕಗಳ ಕಾಲ ಸರದಿ ದಾಳಿಗಳಿಗೆ ಸಿಕ್ಕರು. 1238ರಲ್ಲಿ ಹ್ವಾಂಗ್‌ನ್ಯೊಂಗ್ ವಿಹಾರದ ಒಂಬತ್ತು ಅಂತಸ್ತಿನ ಮರದ ಗೋಪುರ ಬೂದಿಯಾಯಿತು. 1254ರ ಒಂದೇ ವರ್ಷ ಸೆರೆ ಹೋದವರು ಎರಡು ಲಕ್ಷಕ್ಕೂ ಹೆಚ್ಚು ಎಂದು ಅಲ್ಲಿನ ಬಖೈರು ಬರೆಯುತ್ತದೆ. ಬಖೈರುಗಳ ಅಂಕಿಗಳನ್ನು ನಾನು ಎಂದೂ ಅಕ್ಷರಶಃ ನಂಬುವುದಿಲ್ಲ, ಆದರೆ ಅಂಥ ಅಂಕಿ ಬರೆಯಬೇಕೆನಿಸಿದ ಅನುಭವವನ್ನು ನಂಬುತ್ತೇನೆ. ಇದೇ ವರ್ಷಗಳಲ್ಲಿ, ಬುದ್ಧನ ಕೃಪೆಯಿಂದ ಶತ್ರು ಹಿಮ್ಮೆಟ್ಟಲಿ ಎಂದು ಆಸ್ಥಾನ ತ್ರಿಪಿಟಕವನ್ನು 81,000ಕ್ಕೂ ಮೀರಿದ ಮರದ ಅಚ್ಚುಗಳಲ್ಲಿ ಕೆತ್ತಿಸಿತು. ಆ ಅಚ್ಚುಗಳು ಇಂದಿಗೂ ಹೆಯಿನ್ಸಾ ವಿಹಾರದಲ್ಲಿವೆ.

ಶರಣಾಗತಿಯ ಗಳಿಗೆಯೇ ಗೊರ್ಯೊದ ಭವಿಷ್ಯವನ್ನು ತಿದ್ದಿತು. 1259ರಲ್ಲಿ ಯುವರಾಜ ಶರಣಾಗಲು ಹೊರಟಾಗ ಮಹಾಖಾನ್ ಮೋಂಗ್ಕೆ ಚೀನಾದ ಯುದ್ಧಭೂಮಿಯಲ್ಲಿ ತೀರಿಕೊಂಡ. ಪಟ್ಟಕ್ಕಾಗಿ ತಮ್ಮಂದಿರ ನಡುವೆ ಪೈಪೋಟಿ ಶುರುವಾಗುವುದರಲ್ಲಿತ್ತು. ಯುವರಾಜ ಹೋಗಿ ಭೇಟಿಯಾದದ್ದು ಆ ತಮ್ಮಂದಿರಲ್ಲಿ ಒಬ್ಬನಾದ, ಉತ್ತರಕ್ಕೆ ಧಾವಿಸುತ್ತಿದ್ದ ಕುಬ್ಲಾಯ್‌ನನ್ನು. ಚೀನಾದ ಟಾಂಗ್ ಸಾಮ್ರಾಟನೇ ದಂಡೆತ್ತಿ ಹೋಗಿ ಗೆಲ್ಲಲಾಗದ ನಾಡಿನ ಯುವರಾಜ ತಾನಾಗಿ ನಡೆದು ಬಂದಿದ್ದಾನೆ, ಇದು ದೈವಸಂಕಲ್ಪ ಎಂದು ಕುಬ್ಲಾಯ್ ಹಿಗ್ಗಿದನಂತೆ. ಹಿಗ್ಗಿಗೆ ಕಾರಣವಿತ್ತು, ಅವನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಇಂಥ ಮಾನ್ಯತೆಯೇ. ಪ್ರತಿಯಾಗಿ, ಗೊರ್ಯೊ ತನ್ನ ಉಡುಗೆ ಮತ್ತು ಪದ್ಧತಿಗಳನ್ನು ಉಳಿಸಿಕೊಳ್ಳಬಹುದು ಎಂಬ ಮಾತು ಸಿಕ್ಕಿತು. ಗೊರ್ಯೊದ ಅಧಿಕಾರಿಗಳು ಆ ಮಾತನ್ನು ಮುಂದೆ ಎರಡು ತಲೆಮಾರು ದಾಖಲೆಪತ್ರದಂತೆ ಬಳಸಿದರು. 1323ರಲ್ಲಿ ಗೊರ್ಯೊವನ್ನು ಯುವಾನ್ ಎಂಬ, ಚೀನಾವನ್ನಾಳುತ್ತಿದ್ದ ಮಂಗೋಲ್ ಸಾಮ್ರಾಜ್ಯದ ಒಂದು ಪ್ರಾಂತ್ಯವಾಗಿಸುವ ಪ್ರಸ್ತಾವ ಬಂದಾಗ ವಿದ್ವಾಂಸ ಯಿ ಜೆಹ್ಯೊನ್ ಅದರ ರಾಜಧಾನಿ ದಾದುವಿನಲ್ಲಿ, ಎಂದರೆ ಇಂದಿನ ಬೀಜಿಂಗ್‌ನಲ್ಲಿ, ಸಲ್ಲಿಸಿದ ಮನವಿಯ ಬೆನ್ನೆಲುಬು ಕುಬ್ಲಾಯ್ ಕೊಟ್ಟ ಮಾತೇ ಆಗಿತ್ತು. ಪ್ರಸ್ತಾವ ಬಿದ್ದುಹೋಯಿತು.

ಮಾತಿಗಿಂತ ಗಟ್ಟಿಯಾದ ಇನ್ನೊಂದು ಕಟ್ಟು ಬೀಗತನ. 1274ರಲ್ಲಿ ಕುಬ್ಲಾಯ್ ತನ್ನ ಮಗಳನ್ನು ಗೊರ್ಯೊದ ಯುವರಾಜನಿಗೆ ಕೊಟ್ಟ. ಅವನೇ ಕೆಲವು ತಿಂಗಳಲ್ಲಿ ಚುಂಗ್ನ್ಯೊಲ್ ಎಂಬ ರಾಜನಾದ. ವಯಸ್ಸು ನಲವತ್ತರ ಹತ್ತಿರ, ಮನೆಯಲ್ಲಿ ಹಿರಿಯ ಹೆಂಡತಿ. ಬಂದ ರಾಜಕುಮಾರಿ ಹದಿಹರೆಯದವಳು. ತಂದೆಯ ಬಲ ಬೆನ್ನಿಗಿದ್ದುದರಿಂದ ಪಟ್ಟದರಸಿಯ ಸ್ಥಾನ ಆಕೆಗೇ ಸಂದಿತು. ಈ ಅಳಿಯನ ರಾಜಕಾರಣ ಅರ್ಥವಾಗಬೇಕಾದರೆ 1278ನೇ ಇಸವಿಯನ್ನು ನೋಡಬೇಕು. ಆ ವರ್ಷ ಅವನು ತನ್ನ ಅಧಿಕಾರಿಗಳಿಗೆಲ್ಲ ಮಂಗೋಲ್ ಉಡುಪು ತೊಡಲು, ಮಂಗೋಲರ ಹಾಗೆ ತಲೆ ಬೋಳಿಸಿ ಜಡೆ ಬಿಡಲು ಆಜ್ಞಾಪಿಸಿದ. ಕುಬ್ಲಾಯ್ ಹೀಗೆ ಮಾಡೆಂದು ಒತ್ತಾಯಿಸಿರಲಿಲ್ಲ. ಅದೇ ವರ್ಷ ಮಾವನ ಆಸ್ಥಾನಕ್ಕೆ ಹೋಗಿ, ಗೊರ್ಯೊದ ಮೇಲೆ ಕಣ್ಣಿಡಲು ಕೂತಿದ್ದ ಮಂಗೋಲ್ ಮೇಲ್ವಿಚಾರಕರನ್ನೂ ಕಾವಲು ಪಡೆಯನ್ನೂ ಹಿಂದಕ್ಕೆ ಕರೆಸಿಕೊಳ್ಳುವಂತೆ ಒಪ್ಪಿಸಿ ಬಂದ. ಕೂದಲು ಕೊಟ್ಟು ಕಾವಲು ಬಿಡಿಸಿಕೊಂಡ ವ್ಯಾಪಾರವಿದು. ಇವನನ್ನು ಗುಲಾಮ ಎಂದು ಬರೆಯುವ ಪುಸ್ತಕಗಳನ್ನು ಓದಿದಾಗ, ಬರೆದವರು ಎರಡು ಘಟನೆಗಳನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲವೇ ಎನಿಸುತ್ತದೆ.

ಹಾಗೆಂದು ಬೀಗತನ ಅಗ್ಗವಾಗಿರಲಿಲ್ಲ. ಜಪಾನಿನ ಮೇಲೆ 1274ರಲ್ಲಿ ಹೊರಟ ದಂಡಯಾತ್ರೆಗೆ ಗೊರ್ಯೊ 900 ಹಡಗುಗಳನ್ನು ಕಟ್ಟಿಕೊಡಬೇಕಾಯಿತು. 1281ರಲ್ಲಿ ಮತ್ತೆ ಅಂಥದ್ದೇ ಹೊರೆ. ಜೇಜು ದ್ವೀಪ ಮಂಗೋಲರ ಕುದುರೆ ಮೇಯುವ ಹುಲ್ಲುಗಾವಲಾಯಿತು. ರಾಜರನ್ನು ಪಟ್ಟಕ್ಕೇರಿಸುವುದು, ಇಳಿಸುವುದು ದಾದುವಿನ ಮರ್ಜಿಗೆ ಬಿತ್ತು. ಚುಂಗ್ನ್ಯೊಲ್‌ನ ಮಗನೂ ಕುಬ್ಲಾಯ್‌ನ ಸ್ವಂತ ಮೊಮ್ಮಗನೂ ಆದ ರಾಜ ಚುಂಗ್‌ಸೊನ್ ಕೂಡ ಕೊನೆಗೆ ಟಿಬೆಟಿಗೆ ಗಡೀಪಾರಾದ. ಎಲ್ಲಕ್ಕಿಂತ ಕ್ರೂರವಾದದ್ದು ಕಪ್ಪವಾಗಿ ಕಳಿಸಬೇಕಿದ್ದ ಹೆಣ್ಣುಮಕ್ಕಳ ಪಾಲು. ಯಿ ಗೋಕ್ ಎಂಬ ಕೊರಿಯಾದ ವಿದ್ವಾಂಸ 1333ರಲ್ಲಿ ಯುವಾನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಲ್ಲಿಯೇ ಅಧಿಕಾರಿಯಾದವನು. ಗೊರ್ಯೊದಲ್ಲಿ ಹೆಣ್ಣು ಹುಟ್ಟಿದರೆ ನೆರೆಮನೆಯವರಿಗೂ ತಿಳಿಯದಂತೆ ಬಚ್ಚಿಡುತ್ತಾರೆ ಎಂದು ಬರೆದು, ಈ ಪದ್ಧತಿ ನಿಲ್ಲಿಸಿ ಎಂದು ಆತ ಸಾಮ್ರಾಟನಿಗೆ ಅರಿಕೆ ಮಾಡಿಕೊಂಡ. ಹಾಗೆ ಹೋದವರಲ್ಲಿ ಒಬ್ಬಳು, ಕಿ ಮನೆತನದ ಹೆಣ್ಣುಮಗಳು, 1340ರಲ್ಲಿ ಯುವಾನ್ ಸಾಮ್ರಾಟನ ಎರಡನೆಯ ರಾಣಿಯಾದಳು. ಊರಲ್ಲಿದ್ದ ಅವಳ ಅಣ್ಣಂದಿರು ರಾಜನನ್ನೂ ಲೆಕ್ಕಿಸದಷ್ಟು ಮೆರೆದರು.

ಇನ್ನು ಮೊದಲು ಹೇಳಿದ, ಚೀನಾದ ಆಳವಾದ ಮುದ್ರೆ ಮಂಗೋಲರ ರಾಜಧಾನಿಯ ದಾರಿಯಲ್ಲಿ ಕೊರಿಯಾ ತಲುಪಿದ ವಿಷಯ. ಚೀನಾದಲ್ಲಿ 12ನೇ ಶತಮಾನದ ತತ್ತ್ವಜ್ಞಾನಿ ಝು ಶಿ ಕನ್‌ಫ್ಯೂಷಿಯಸ್ ವಿಚಾರಕ್ಕೆ ಹೊಸ ರೂಪ ಕೊಟ್ಟ. ಇಡೀ ಚೀನಾಕ್ಕೆ ಅನ್ವಯಿಸುವಂತೆ ಅವನ ವ್ಯಾಖ್ಯಾನವನ್ನು ಸರ್ಕಾರಿ ಪರೀಕ್ಷೆಯ ಅಧಿಕೃತ ಪಠ್ಯವನ್ನಾಗಿ ಮಾಡಿದವರು ಮಂಗೋಲ್ ದೊರೆಗಳು. 1313ರಲ್ಲಿ ಆಜ್ಞೆ ಹೊರಟು, 1315ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಅದಕ್ಕೂ ಮುಂಚೆ, ರಾಜನ ಜೊತೆ ದಾದುವಿಗೆ ಹೋಗಿದ್ದ ಆನ್ ಹ್ಯಾಂಗ್ ಎಂಬ ಅಧಿಕಾರಿ ಝು ಶಿಯ ಗ್ರಂಥಗಳನ್ನು ನಕಲು ಮಾಡಿಕೊಂಡು ಊರಿಗೆ ತಂದಿದ್ದ. ಚುಂಗ್‌ಸೊನ್ ಸಿಂಹಾಸನ ಬಿಟ್ಟುಕೊಟ್ಟ ಮೇಲೆ ದಾದುವಿನಲ್ಲಿಯೇ ಹತ್ತು ಸಾವಿರ ಗ್ರಂಥಗಳ ಮನೆ ಎಂಬ ಹೆಸರಿನ ಪುಸ್ತಕಶಾಲೆ ತೆರೆದ; ಅಲ್ಲಿ ಯಿ ಜೆಹ್ಯೊನ್ ಚೀನಾದ ವಿದ್ವಾಂಸರೊಡನೆ ಕೂತು ಚರ್ಚಿಸಿದ. ಅವನ ನಂತರ ಯಿ ಗೋಕ್, ಯಿ ಗೋಕ್‌ನ ಮಗ ಯಿ ಸೆಕ್. ಯಿ ಸೆಕ್‌ನ ಬಳಿ ಕಲಿತವರ ಪೀಳಿಗೆಯೇ 1392ರಲ್ಲಿ ಜೊಸೊನ್ ರಾಜ್ಯದ ಸ್ಥಾಪನೆಗೆ ತಾತ್ತ್ವಿಕ ನೆಲೆ ಒದಗಿಸಿತು. ಮುಂದಿನ 500 ವರ್ಷ ಕೊರಿಯಾದ ಮದುವೆ, ಆಸ್ತಿ ಹಂಚಿಕೆ, ಪಿತೃಕಾರ್ಯಗಳನ್ನು ನಿರ್ದೇಶಿಸಿದ್ದು ಈ ಝು ಶಿ ಪಂಥ.

ವಿಯೆಟ್ನಾಂ ಇದಕ್ಕೆ ಒಳ್ಳೆಯ ಹೋಲಿಕೆ. ಅದು 1258, 1285, 1288ರ ಮೂರೂ ದಾಳಿಗಳನ್ನು ಹಿಮ್ಮೆಟ್ಟಿಸಿತು, ಆಮೇಲೆ ಜಾಣತನದಿಂದ ಕಪ್ಪವನ್ನೂ ಕಳಿಸಿತು. ಬೀಗತನವಾಗಲಿಲ್ಲ, ಅಲ್ಲಿನ ರಾಜಕುಮಾರರು ದಾದುವಿನಲ್ಲಿ ಬೆಳೆಯಲೂ ಇಲ್ಲ. ಗೊರ್ಯೊಗೆ ಬೀಗತನದಿಂದ ತೆರೆದ ದಾದುವಿನ ದಾರಿ ಅದಕ್ಕೆ ತೆರೆಯಲಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯನ್ನು ನಾನು ಯಾವಾಗಲೂ ಕೊಡುತ್ತೇನೆ. ಈ ಕಥೆಯ ಮುಖ್ಯ ಆಕರವಾದ ಗೊರ್ಯೊಸಾ ಎಂಬ ಇತಿಹಾಸಗ್ರಂಥ ಮುಗಿದದ್ದು 1451ರಲ್ಲಿ, ಗೊರ್ಯೊವನ್ನು ಉರುಳಿಸಿದ ಜೊಸೊನ್ ಆಸ್ಥಾನದಲ್ಲಿ. ಹಿಂದಿನ ರಾಜವಂಶ ಮಂಗೋಲರ ನಂಟಸ್ತಿಕೆಯಿಂದ ಕೆಟ್ಟಿತು ಎಂದು ತೋರಿಸುವುದು ಅವರಿಗೆ ಲಾಭದ ಮಾತು. ಆದರೆ ಜೊಸೊನ್ ಸ್ಥಾಪಕ ಯಿ ಸೊಂಗ್‌ಗ್ಯೆಯ ಪೂರ್ವಜರೇ ತಲೆಮಾರುಗಳ ಕಾಲ ಈಶಾನ್ಯದ ಗಡಿಯಲ್ಲಿ ಮಂಗೋಲರ ಅಧಿಕಾರಿಗಳಾಗಿದ್ದವರು. 1356ರಲ್ಲಿ ರಾಜ ಗೊಂಗ್‌ಮಿನ್ ಕಿ ಮನೆತನದವರನ್ನು ಕೊಲ್ಲಿಸಿ, ಮಂಗೋಲರ ವಶದಲ್ಲಿದ್ದ ಸಾಂಗ್‌ಸೊಂಗ್ ಪ್ರದೇಶವನ್ನು ಮರಳಿ ಗೆದ್ದಾಗಲೇ ಯಿ ಸೊಂಗ್‌ಗ್ಯೆಯ ತಂದೆ ಪಕ್ಷ ಬದಲಿಸಿದ್ದು.

ಗೊಂಗ್‌ಮಿನ್ ಜಡೆ ಕತ್ತರಿಸಿ ಹಾಕಿದ, ಉಡುಪು ಬದಲಿಸಿದ. ಹೊರಗೆ ಕಾಣುವಂಥದ್ದು ಹೋಯಿತು. ಭಟ್ಟಿ ಇಳಿಸಿದ ಮದ್ಯ ಹೋಗಲಿಲ್ಲ. ಕೊರಿಯನ್ನರು ಇಂದು ಕುಡಿಯುವ ಸೋಜು ಎಂಬ ಮದ್ಯದ ಮೂಲ ಆ ಕಾಲದ್ದು. ಪಂಚಾಂಗವೂ ಹೋಗಲಿಲ್ಲ. ಕುಬ್ಲಾಯ್‌ಗಾಗಿ ಗುವೊ ಶೌಜಿಂಗ್ 1280ರಲ್ಲಿ ಸಿದ್ಧಪಡಿಸಿದ ಪಂಚಾಂಗದಲ್ಲಿ ವರ್ಷದ ಉದ್ದ 365.2425 ದಿನ. ಯುರೋಪ್ ಇದೇ ಅಳತೆಯನ್ನು ಅಳವಡಿಸಿಕೊಂಡದ್ದು ಮೂರು ಶತಮಾನಗಳ ನಂತರ. 1442ರಲ್ಲಿ ಜೊಸೊನ್ ರಾಜ ಸೆಜೊಂಗ್‌ನ ಖಗೋಳಜ್ಞರು ತಮ್ಮ ರಾಜಧಾನಿಗೆ ಹೊಂದುವ ಗಣಿತ ಸಿದ್ಧಪಡಿಸಿದಾಗ, ಒಂದು ಭಾಗಕ್ಕೆ ಗುವೊನ ಪದ್ಧತಿಯನ್ನೂ ಇನ್ನೊಂದಕ್ಕೆ ಮುಸ್ಲಿಂ ಖಗೋಳಶಾಸ್ತ್ರವನ್ನೂ ಆಧಾರವಾಗಿಟ್ಟುಕೊಂಡರು. ಎರಡೂ ಕುಬ್ಲಾಯ್‌ನ ಆಶ್ರಯದಲ್ಲಿ ಬೆಳೆದವು.

ಇದೇ ಸೆಜೊಂಗ್‌ನ ಕೊರಿಯನ್ ಅಕ್ಷರಮಾಲೆಯ ಕೆಲವು ಅಕ್ಷರಗಳಿಗೆ ಟಿಬೆಟಿನ ಲಾಮಾ ಫಗ್ಸ್‌ಪಾ 1269ರಲ್ಲಿ ಕುಬ್ಲಾಯ್‌ಗಾಗಿ ರೂಪಿಸಿದ ಲಿಪಿಯೇ ಮಾದರಿ ಎಂಬ ವಾದವೊಂದಿದೆ. ಫಗ್ಸ್‌ಪಾ ಲಿಪಿಯ ತಾಯಿ ಟಿಬೆಟಿನ ಲಿಪಿ, ಅದರ ಮೂಲ ಬ್ರಾಹ್ಮಿ. ಕನ್ನಡ ಲಿಪಿಯದೂ ಅದೇ ಬೇರು. ಕೇಳಲು ಹಿತವಾದ ವಾದ. ಆದರೆ ವ್ಯಂಜನಗಳ ಆಕಾರ ಉಚ್ಚಾರಣಾಂಗಗಳನ್ನು ಅನುಸರಿಸಿದ್ದು ಎಂದು 1446ರ ಅಧಿಕೃತ ವಿವರಣೆಯೇ ಹೇಳುವುದರಿಂದ, ತೀರ್ಮಾನವಾದ ಸಂಗತಿಯೆಂದು ಅದನ್ನು ಪಾಠ ಮಾಡುವುದಿಲ್ಲ.

ಪಾಠಕ್ಕೆ ನಾನು ಹೆಚ್ಚು ಬಳಸುವುದು 1402ರಲ್ಲಿ ಜೊಸೊನ್ ಆಸ್ಥಾನ ಬರೆಸಿದ ಲೋಕಪಟವನ್ನು. ಅದರ ಹಳೆಯ ಪ್ರತಿಯೊಂದು ಕ್ಯೋಟೊದ ರ್ಯೂಕೊಕು ವಿಶ್ವವಿದ್ಯಾಲಯದಲ್ಲಿದೆ. ಮಂಗೋಲರ ಕಾಲದ ಚೀನೀ ಭೂಪಟಗಳನ್ನು ಆಧರಿಸಿದ ಈ ಚಿತ್ರದಲ್ಲಿ ಯುರೋಪ್ ಇದೆ, ಅರೇಬಿಯಾ ಇದೆ, ದಕ್ಷಿಣಕ್ಕೆ ಚೂಪಾಗುವ ಆಫ್ರಿಕಾವೂ ಇದೆ. ಪೋರ್ಚುಗೀಸರು ಆಫ್ರಿಕಾದ ತುದಿ ಸುತ್ತುವುದಕ್ಕೆ ಇನ್ನೂ 80ಕ್ಕೂ ಹೆಚ್ಚು ವರ್ಷಗಳಿದ್ದವು. ಕೊರಿಯಾ ತನ್ನನ್ನು ತಾನು ಆಫ್ರಿಕಾಕ್ಕೆ ಸರಿಸಮವಾಗುವಷ್ಟು ದೊಡ್ಡದಾಗಿ ಬರೆದುಕೊಂಡಿದೆ. ನಮ್ಮ ವಿದ್ಯಾರ್ಥಿಗಳು ಮೊದಲು ಹುಡುಕುವುದು ಭಾರತವನ್ನು, ಮತ್ತು ಅದು ಸಿಗುವುದಿಲ್ಲ. ಪ್ರಾಚೀನ ಗ್ರೀಕ್ ಭೂಗೋಳಜ್ಞ ಟಾಲೆಮಿಯ ಕಾಲದಿಂದಲೂ ಪಶ್ಚಿಮದ ಭೂಪಟಗಳಲ್ಲಿ ನಮ್ಮ ಪರ್ಯಾಯ ದ್ವೀಪ ಚಪ್ಪಟೆಯಾಗಿಯೇ ಇತ್ತು. ಮುಸ್ಲಿಂ ಭೂಗೋಳಜ್ಞರ ಮೂಲಕ ಆ ರೂಪವೇ ದಾದುವಿಗೆ ಬಂದು, ಅಲ್ಲಿಂದ ಕೊರಿಯಾ ತಲುಪುವಷ್ಟರಲ್ಲಿ ಚೀನಾದ ಭೂಭಾಗದೊಳಗೆ ಕರಗಿಹೋಗಿತ್ತು.