ಕೌದಿ ಕಲಿಯೋರು ಸೂಜಿ ಹಿಡಿಯೋಕೆ ಮುಂಚೆ

ಹೊಲಿಗೆ ಕ್ಲಾಸಿಗೆ ಕೌದಿ, ಅಂದ್ರೆ ಹಳೇ ಬಟ್ಟೆ ಪದರ ಪದರ ಸೇರಿಸಿ ಹೊಲಿಯೋ ಹೊದಿಕೆ, ಕಲಿಯೋಕೆ ಅಂತ ಬರೋರು ಮೊದ್ಲು ಕೇಳೋದೇ ಯಾವ ಸೂಜಿ ತರ್ಲಿ, ಯಾವ ದಾರ ತರ್ಲಿ, ಯೂಟ್ಯೂಬಲ್ಲಿ ತೋರಿಸ್ತಾರಲ್ಲ ಆ ರೌಂಡ್ ಫ್ರೇಮ್ ಬೇಕಾ ಮೇಡಂ ಅಂತ. ಬಟ್ಟೆ ಬಗ್ಗೆ ಯಾರೂ ಕೇಳಲ್ಲ. ಆದ್ರೆ ರಿಪೇರಿಗೆ ಅಂತ ನನ್ ಹತ್ರ ಬರೋ ಕೌದಿಗಳನ್ನ ನೋಡಿದ್ರೆ ಹೊಲಿಗೆ ಸರಿ ಇಲ್ದೆ ಹಾಳಾಗಿದ್ದು ಕಮ್ಮಿ, ಬಟ್ಟೆ ಆರಿಸೋವಾಗ ಇಲ್ಲಾ ಕಚ್ಚಾ (ಪದರ ಸರಿಯದಂಗೆ ಹಾಕಿ ಆಮೇಲೆ ಬಿಚ್ಚೋ ಉದ್ದುದ್ದ ಹೊಲಿಗೆ) ಹಾಕೋವಾಗ ಎಡವಿದ್ದೇ ಜಾಸ್ತಿ. ಹೊಲಿಗೆ ಸ್ವಲ್ಪ ಸೊಟ್ಟಗಿದ್ರೆ ಏನೂ ಆಗಲ್ಲ ಬಿಡ್ರಿ, ಒಳಗಿನ ಪದರ ಮುದ್ದೆಯಾಗಿ ಒಂದು ಮೂಲೆಗೆ ಸೇರ್ಕೊಂಡ್ರೆ ಮಾತ್ರ ಆ ಕೌದಿ ಹೊದ್ಕೊಳ್ಳೋಕೂ ಬರಲ್ಲ ಹಾಸೋಕೂ ಬರಲ್ಲ.

ದಾವಣಗೆರೆಯೋರಿಗೆ ಬಟ್ಟೆ ಪಾಠನಾ ಅಂತ ನಗಬೇಡ್ರಿ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರು ನಿಜ, ದಾವಣಗೆರೆ ಕಾಟನ್ ಮಿಲ್ಸಿನ ಗಿಡ್ಡ ಹೆಸರು ಡಿಸಿಎಂ ಅನ್ನೋದು ಒಂದು ಏರಿಯಾಕ್ಕೆ ಈಗ್ಲೂ ಉಳ್ಕೊಂಡೈತೆ, ಆದ್ರೆ ಮನೆ ಬೀರು ತೆಗೆದ್ರೆ ಸಿಗೋದು ಬಹುಪಾಲು ಸಿಂಥೆಟಿಕ್ ಸೀರೆ. ಅದನ್ನ ಕಾಟನ್ ಜೊತೆ ಸೇರಿಸಿ ಹೊಲಿದ್ರೆ ಏನಾಗುತ್ತೆ ಅಂದ್ರೆ, ಒಗೆದಾಗ ಕಾಟನ್ ಕುಗ್ಗುತ್ತೆ, ಪಾಲಿಯೆಸ್ಟರ್ ಇದ್ದಂಗೇ ಇರುತ್ತೆ, ನಡುವೆ ಇರೋ ಹೊಲಿಗೆ ಎರಡನ್ನೂ ಎಳೆದು ಇಡೀ ಕೌದಿ ಸುಕ್ಕು ಸುಕ್ಕಾಗುತ್ತೆ. ಯಾವುದು ಯಾವ ಬಟ್ಟೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಅಂಚಿಂದ ಒಂದೆರಡು ಎಳೆ ಕಿತ್ತು, ಚಿಮಟದಲ್ಲಿ ಹಿಡ್ಕೊಂಡು ಬೆಂಕಿಗೆ ತೋರಿಸ್ರಿ, ಸಿಂಕ್ ಮೇಲೆ ಹಿಡ್ಕೊಂಡು ಮಾಡ್ರಿ ಮತ್ತೆ. ಕಾಟನ್ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಮುಟ್ಟಿದ್ರೆ ಪುಡಿಯಾಗುತ್ತೆ, ಪಾಲಿಯೆಸ್ಟರ್ ಆದ್ರೆ ಕರಗಿ ತುದೀಲಿ ಗಟ್ಟಿ ಮಣಿ ಆಗುತ್ತೆ.

ಹಳೇ ಕಾಟನ್ ಸೀರೆ, ಪಂಚೆ ಇದ್ರೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿರುತ್ತೆ, ಮೆತ್ತಗಾಗಿರುತ್ತೆ, ಸೂಜಿ ಸಲೀಸಾಗಿ ಹೋಗುತ್ತೆ. ಎರಡೂ ಕೈಲಿ ಹಿಡಿದು ಜಗ್ಗಿ ನೋಡ್ರಿ, ಪರ್ರ್ ಅಂತ ಹರಿದ್ರೆ ಅದನ್ನ ಒರೆಸೋ ಬಟ್ಟೆ ಮಾಡ್ಕೊಳ್ರಿ, ಒಳಗೆ ತಾನೇ ಯಾರಿಗೆ ಕಾಣುತ್ತೆ ಅಂತ ಕೌದಿಗೆ ಸೇರಿಸ್ಬೇಡ್ರಿ. ಹೊಸ ಬಟ್ಟೆ ತಂದ್ರೆ ಮೊದ್ಲು ನೆನೆಸಿ, ಒಗೆದು, ಒಣಗಿಸಿಯೇ ಕತ್ತರಿ ಹಾಕ್ಬೇಕು. ಕೆಂಪು, ಕಡು ನೀಲಿ ಇದ್ರೆ ಒದ್ದೆ ಬಿಳಿ ಕರ್ಚೀಫಿಂದ ಉಜ್ಜಿ ನೋಡ್ರಿ, ಬಣ್ಣ ಹತ್ತಿದ್ರೆ ಅದು ಬೇಡ. ಅಜ್ಜಿ ಮೊಳಕಾಲ್ಮೂರು ಸೀರೆ ಐತೆ ನೆನಪಿಗೆ ಹಾಕ್ಬೇಕು ಅಂತ ತರ್ತಾರೆ ಕೆಲವರು, ರೇಷ್ಮೆ ಕೌದಿಯ ಒಗೆತ ತಡ್ಕೊಳ್ಳಲ್ಲ, ಜರಿ ಮೈಗೆ ಚುಚ್ಚುತ್ತೆ. ನೆನಪಿಗೆ ಅಂದ್ರೆ ಅದನ್ನ ಬೀರುವಿನಲ್ಲೇ ಇಡ್ರಿ.

ಮೊದಲನೇ ಸಲಕ್ಕೇ ಡಬಲ್ ಕಾಟಿನ ಸೈಜಿಗೆ ಕೈ ಹಾಕೋರು ಅರ್ಧಕ್ಕೇ ಬಿಟ್ಟು ಅಟ್ಟಕ್ಕೆ ಹಾಕ್ತಾರೆ. ಕೂಸಿಗೆ ಹಾಸೋ ಅಳತೆ ಸಾಕು, 36 ಇಂಚಿಗೆ 45. ಐದೂವರೆ ಮೀಟರಿನ ಸೀರೆ ಅಂದ್ರೆ ಹತ್ತತ್ರ 216 ಇಂಚು, ಪನ್ನ, ಅಂದ್ರೆ ಅಗಲ, 45ರ ಆಸುಪಾಸು, 36ಕ್ಕೊಂದರಂತೆ ಕತ್ತರಿಸಿದ್ರೆ ಆರು ತುಂಡು ಸಿಗುತ್ತೆ. ಕೆಳಗೆ ಒಂದು, ಒಳಗೆ ಎರಡು, ಮೇಲೆ ಒಂದು, ಮಿಕ್ಕಿದ ಎರಡರಲ್ಲಿ ತೇಪೆ. ಬೇರೆ ಬಣ್ಣ ಬೇಕು ಅಂದ್ರೆ ಮನೇಲಿರೋ ಕಾಟನ್ ಬ್ಲೌಸ್ ಪೀಸ್ ಐತಲ್ಲ. ನಾಕು ಪದರಕ್ಕಿಂತ ಜಾಸ್ತಿ ಈಗ್ಲೇ ಬೇಡ, ಸೂಜಿ ತಳ್ಳಿ ತಳ್ಳಿ ಬೆರಳು ನೋಯುತ್ತೆ. ಜೀನ್ಸ್ ಅಂತೂ ಬೇಡವೇ ಬೇಡ.

ಚೌಕ ಚೌಕ ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಹೊಲಿಗೆಗೆ ಕಾಲಿಂಚು ಅಂಚು ಬಿಟ್ಟು ಮೊದ್ಲು ಮೇಲಿನ ಪದರನ ಪೂರ್ತಿ ರೆಡಿ ಮಾಡ್ಕೊಂಡು ಆಮೇಲೆ ಪದರ ಸೇರಿಸಿ ಹೊಲಿಯೋದು, ಅಂದ್ರೆ ಕ್ವಿಲ್ಟ್ ಮಾಡೋದು, ವಿಡಿಯೋದಲ್ಲಿ ಬರೋ ಪದ್ಧತಿ. ನಮ್ಮ ಕೌದೀಲಿ ಅಷ್ಟು ಅಳತೆ ಲೆಕ್ಕ ಇಲ್ಲ, ತೇಪೆಯ ಅಂಚು ಒಳಗೆ ಮಡಚಿ ಮೇಲೆ ಇಟ್ಟು ಓಡು ಹೊಲಿಗೆ (ರನ್ನಿಂಗ್ ಸ್ಟಿಚ್) ಹಾಕ್ತಾ ಹೋದ್ರೆ ತೇಪೆನೂ ಕೂರುತ್ತೆ, ಪದರಗಳೂ ಒಂದಕ್ಕೊಂದು ಸೇರ್ಕೊಳ್ಳುತ್ತೆ, ಒಂದೇ ಹೊಲಿಗೇಲಿ ಎರಡು ಕೆಲಸ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಂಗಸ್ರು ಹೊಲಿಯೋ ಕೌದಿನೂ ಹಿಂಗೇ, ಅಂಚಿಂದ ಶುರು ಮಾಡಿ ಸುತ್ತು ಬರ್ತಾ ಬರ್ತಾ ನಡುವಿಗೆ ಮುಟ್ತಾರೆ, ಮೊದ್ಲೇ ಡಿಸೈನ್ ಬರ್ಕೊಳ್ಳೋದು ಅಂತ ಇರಲ್ಲ. ಕಲಿಯೋರಿಗೆ ನಾನು ಇದನ್ನೇ ಹೇಳೋದು.

ಇನ್ನು ಕಚ್ಚಾ. ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕೊಡ್ರಿ, ಧಾರಾವಾಹಿ ನೋಡ್ತಾ ಮಾಡೋ ಕೆಲಸ ಅಲ್ಲ ಇದು. ಮಂಚದ ಮೇಲೆ ಬೇಡ, ನೆಲ ಒರೆಸಿ ಒಣಗಿದ ಮೇಲೆ ಕೆಳಗಿನ ಬಟ್ಟೆ ಉಲ್ಟಾ ಹಾಸಿ ನಾಕೂ ಕಡೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸ್ರಿ. ಸುಕ್ಕು ಹೋಗೋಷ್ಟು ಬಿಗಿ ಸಾಕು, ಜಗ್ಗಿ ಅಂಟಿಸಿದ್ರೆ ಟೇಪ್ ಕಿತ್ತ ತಕ್ಷಣ ಬಟ್ಟೆ ತನ್ನ ಜಾಗಕ್ಕೆ ವಾಪಸ್ ಹೋಗುತ್ತೆ, ಮೇಲಿನ ಪದರ ಎಲ್ಲಾ ಉಬ್ಬುತ್ತೆ. ಅದರ ಮೇಲೆ ಒಂದೊಂದೇ ಪದರ ಹಾಸ್ತಾ, ಪ್ರತಿ ಸಲನೂ ಅಂಗೈಲಿ ನಡುವಿಂದ ಅಂಚಿಗೆ ಸವರ್ಬೇಕು. ಆಮೇಲೆ ಕಣ್ಣಿಗೆ ಹೊಡೆಯೋ ಬಣ್ಣದ ದಾರದಲ್ಲಿ ನಡುವಿಂದ ನಾಕೂ ದಿಕ್ಕಿಗೆ ಉದ್ದುದ್ದ ಹೊಲಿಗೆ ಹಾಕಿ, ಅದರ ಪಕ್ಕ ನಾಕ್ ನಾಕು ಬೆರಳು ಬಿಟ್ಟು ಸಾಲು ಎಳೀರಿ, ಒಂದೊಂದು ಹೊಲಿಗೆ ಎರಡಿಂಚು ಇದ್ರೂ ನಡಿಯುತ್ತೆ. ಟೇಪ್ ಕಿತ್ತು, ತಿರುಗಿಸಿ, ಹಿಂದೆ ಕೈ ಆಡಿಸಿ ನೋಡ್ರಿ. ಎಲ್ಲಾದ್ರೂ ಮಡಿಕೆ ಸಿಕ್ರೆ ಆ ಭಾಗದ ಕಚ್ಚಾ ಬಿಚ್ಚಿ ಮತ್ತೆ ಹಾಕೋದೇ ದಾರಿ, ಹೊಲೀತಾ ಹೋದ್ರೆ ಸರಿ ಹೋಗುತ್ತೆ ಅನ್ನೋದು ಸುಳ್ಳು, ಇನ್ನಷ್ಟು ಗಟ್ಟಿಯಾಗಿ ಕೂತ್ಕೊಳ್ಳುತ್ತೆ.

ಅಂಚಿಂದ ಶುರು ಮಾಡ್ಬೇಕಾ ನಡುವಿಂದನಾ ಅನ್ನೋ ಜಗಳ ಇದ್ದೇ ಐತೆ. ತೇಪೆ ಇಡ್ತಾ ಹೊಲಿಯೋದಾದ್ರೆ ಅಂಚಿಂದ ಒಳಗೆ ಬನ್ರಿ, ಪ್ರತಿ ತೇಪೆ ಹಿಂದಿನದರ ಬಾಯಿ ಮುಚ್ಚುತ್ತೆ. ಮೇಲಿನ ಪದರ ಮೊದ್ಲೇ ಜೋಡಿಸಿ ಫ್ರೇಮ್ ಹಾಕಿದ್ರೆ ನಡುವಿಂದ ಹೊರಗೆ ಹೋಗ್ರಿ, ಸಡಿಲ ಬಟ್ಟೆ ಅಂಚಿಗೆ ಸರಿಯುತ್ತೆ. ಕಚ್ಚಾ ಗಟ್ಟಿ ಇದ್ರೆ ಎರಡೂ ಬರುತ್ತೆ, ಇಲ್ದಿದ್ರೆ ಎರಡೂ ಬರಲ್ಲ.

ಸೂಜಿ ಗಿಡ್ಡ ಇರ್ಲಿ, ಕ್ವಿಲ್ಟಿಂಗ್ ಸೂಜೀಲಿ ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ, ಶುರುವಿಗೆ 7 ಇಲ್ಲಾ 8 ಸಾಕು. ಗೋಣಿಚೀಲ ಹೊಲಿಯೋ ದಬ್ಬಳ ತರಬೇಡ್ರಿ, ತೂತು ಉಳಿಯುತ್ತೆ. ದಾರ ಕಾಟನ್ನಿಂದೇ, ಉದ್ದ ಒಂದು ಮೊಳ. ಮೇಲಿಂದ ಮೇಲೆ ಸೂಜಿ ಪೋಣಿಸೋ ಬೇಜಾರಿಗೆ ಮಾರುದ್ದ ತಗೊಳ್ತಾರೆ, ಅದು ಸಿಕ್ಕಾಗಿ, ಬಟ್ಟೇಲಿ ಉಜ್ಜಿ ಉಜ್ಜಿ ಸವೆದು, ಕೊನೇ ಗೇಣು ಬರೋ ಹೊತ್ತಿಗೆ ತುಂಡಾಗುತ್ತೆ. ಗಂಟು ಹೊರಗೆ ಬಿಡಬೇಡ್ರಿ, ಸ್ವಲ್ಪ ದೂರದಲ್ಲಿ ಸೂಜಿ ಒಳಗೆ ಬಿಟ್ಟು, ಶುರು ಮಾಡೋ ಜಾಗದಲ್ಲಿ ಎತ್ತಿ, ಮೆಲ್ಲಕೆ ಜಗ್ಗಿದ್ರೆ ಟಕ್ ಅಂತ ಗಂಟು ಮೇಲಿನ ಪದರ ದಾಟಿ ಒಳಗೆ ಸೇರ್ಕೊಳ್ಳುತ್ತೆ. ಮಧ್ಯದ ಬೆರಳಿಗೆ ಥಿಂಬಲ್ (ಬೆರಳ ತುದಿಗೆ ಹಾಕೋ ಟೋಪಿ) ಹಾಕ್ಕೊಂಡು ಹಿಂದಿಂದ ತಳ್ರಿ. ಸೂಜಿ ಜಾರಿದ್ರೆ ಹಳೇ ಬಲೂನಿನ ಚೂರಲ್ಲಿ ಹಿಡಿದು ಎಳೀರಿ, ಆರಾಮಾಗಿ ಬರುತ್ತೆ.

ಇಂಚಿಗೆ ಮೂರು ನಾಕು ಹೊಲಿಗೆ ಬಿದ್ರೆ ಕೌದಿಗೆ ಧಾರಾಳ ಸಾಕು. ಸಣ್ಣಕೆ ಬರ್ಲಿಲ್ಲ ಅಂತ ಅಳಬೇಡ್ರಿ, ಒಂದೇ ಸಮ ಬರ್ಲಿ, ಸಣ್ಣದು ತಾನಾಗೇ ಬರುತ್ತೆ. ಸಾಲಿಗೆ ಸಾಲಿಗೆ ಒಂದು ಬೆರಳು ಅಂತರ. ದಾರ ಎಳೆಯೋವಾಗ ಬಟ್ಟೆ ಮೇಲೆ ಸಣ್ಣ ಕುಳಿ ಬಿದ್ರೆ ಸಾಕು, ನೆರಿಗೆ ಬಿತ್ತು ಅಂದ್ರೆ ಜಾಸ್ತಿ ಎಳೆದಿದೀರಿ. ಒಂದು ಕೌದಿ ಕೈಲಿ ಹೊಲಿದೋರು ಆಮೇಲೆ ಕೂಲಿಗೆ ಹೊಲಿಯೋ ಹೆಂಗಸ್ರ ಹತ್ರ ನೂರು ಇನ್ನೂರಕ್ಕೆ ಚೌಕಾಸಿ ಮಾಡೋದು ನಾನಂತೂ ನೋಡಿಲ್ಲ.

ಹೊಲಿಗೆ ಮುಗಿದ ಮೇಲೇನೇ ಕಚ್ಚಾ ಬಿಚ್ಚೋದು. ಅಂಚಿಗೆ ಪಂಚೆ ಬಟ್ಟೆಯ ಪಟ್ಟಿ ಮಡಚಿ ಹಾಕ್ರಿ, ಮೊದ್ಲು ಸವೆಯೋದೇ ಅಂಚು, ಪಟ್ಟಿ ಆದ್ರೆ ಬಿಚ್ಚಿ ಬದಲಾಯಿಸ್ಬಹುದು.

ಒಗೆಯೋದು ಹೆಂಗೆ ಅಂತ ಕೇಳ್ತಾರೆ. ಮಾರ್ನಮಿ ಹಬ್ಬದ ಮುಂಚೆ ಮನೆ ಕೌದಿ ಎಲ್ಲಾ ಭದ್ರಾ ನಾಲೆಗೆ ಹೊತ್ಕೊಂಡು ಹೋಗಿ ಒಗೆಯೋರು ಈಗ್ಲೂ ಇದಾರೆ, ಹೊಳೆ ನಾಲೆ ಕಲ್ಲಿನ ಬಡಿತ ತಡ್ಕೊಳ್ಳೋ ತಾಕತ್ತು ಕೈ ಪಳಗಿದೋರು ಹೊಲಿದ ಕೌದಿಗೆ ಇರುತ್ತೆ, ನಿಮ್ಮ ಮೊದಲನೇದಕ್ಕೆ ಬೇಡ. ನಾಕು ಪದರದ್ದು ಸಣ್ಣದಾದ್ರೆ ಜಾಳಿಗೆ ಚೀಲದಲ್ಲಿ ಹಾಕಿ ಮೆಷಿನ್ನಲ್ಲಿ ಜೆಂಟಲ್ ಇಟ್ರೆ ನಡಿಯುತ್ತೆ. ದೊಡ್ಡದನ್ನ ಮೆಷಿನ್ನಿಗೆ ಹಾಕಿದ್ರೆ ನೀರು ಕುಡಿದ ಭಾರಕ್ಕೆ ಹೊಲಿಗೆ ಕಿತ್ಕೊಳ್ಳುತ್ತೆ, ಅದನ್ನ ಟಬ್ಬಲ್ಲಿ ನೆನೆಸಿ ಕಾಲಲ್ಲಿ ತುಳಿದು, ಹಿಂಡದೆ, ಎರಡು ಹಗ್ಗದ ಮೇಲೆ ಅಡ್ಡ ಹಾಕಿ ಒಣಗಿಸ್ರಿ. ಒಂದೇ ಹಗ್ಗಕ್ಕೆ ಹಾಕಿದ್ರೆ ನಡುವೆ ಜೋತು ಬೀಳುತ್ತೆ.