ಬಣ್ಣಕ್ಕಿಂತ ಮೊದಲು ಕಿವಿರು ನೋಡಿ: ಮುಂಬಯಿ ಬಂಡೆದಂಡೆಯ ಸೀ ಸ್ಲಗ್‌ಗಳು

ಸೀ ಸ್ಲಗ್ ಎಂದರೆ ಬಸವನಹುಳುವಿನ ಬಳಗದ, ಮೆದು ಮೈಯ ಕಡಲಜೀವಿ. ಇಳಿತದ ಹೊತ್ತಿನಲ್ಲಿ ಮುಂಬಯಿಯ ಕಾರ್ಟರ್ ರೋಡಿನ ಬಂಡೆಯ ಮೇಲೆ ಅಂಥದ್ದೊಂದು ನೀರಿನಿಂದ ಹೊರಗೆ ಉಳಿದುಬಿಟ್ಟರೆ ಅದಕ್ಕೆ ಆಕಾರವೇ ಇರುವುದಿಲ್ಲ. ಕಿವಿರು, ಕೊಂಬು, ಬೆನ್ನಿನ ಕುಚ್ಚು ಎಲ್ಲವೂ ಮೈಗೆ ಅಂಟಿಕೊಂಡು ಲೋಳೆಯ ಉಂಡೆಯಂತೆ ಬಿದ್ದಿರುತ್ತದೆ. ಆ ಸ್ಥಿತಿಯ ಫೋಟೊ ಕಳಿಸಿ ಇದು ಯಾವ ಪ್ರಭೇದ ಎಂದು ಕೇಳಿದರೆ ಎಂಥ ತಜ್ಞರೂ ಕೈಚೆಲ್ಲುತ್ತಾರೆ. ಅದೇ ಪ್ರಾಣಿಯ ಮೇಲೆ ಎರಡು ಬೆರಳಿನಷ್ಟು ನೀರು ನಿಂತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಮೈಬಿಚ್ಚುತ್ತದೆ. ಆದ್ದರಿಂದ ಒಣಗಿದ ಬಂಡೆಗಿಂತ ನೀರು ಉಳಿದ ಗುಂಡಿಗಳನ್ನು ಹುಡುಕಬೇಕು.

ಊರಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕಿ ಬೆಳೆದ ಕರಾವಳಿಯವರು ಮುಂಬಯಿಯಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಉಬ್ಬರ-ಇಳಿತ ಹೊಸದಲ್ಲ. ಆದರೆ ಊರಿನ ಅಂದಾಜು ಇಲ್ಲಿ ನಡೆಯುವುದಿಲ್ಲ. ಮಂಗಳೂರಿನಲ್ಲಿ ನೀರು ಏರಿಳಿಯುವುದು ಸುಮಾರು ಒಂದೂವರೆ ಮೀಟರ್. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಅದು ನಾಲ್ಕು ಮೀಟರ್ ದಾಟುತ್ತದೆ. ಆ ದಿನಗಳಲ್ಲಿ ಇಳಿತ ಹೆಚ್ಚುಕಡಿಮೆ ಬೆಳಗ್ಗೆ ಮತ್ತು ಸಂಜೆ ಆರು-ಏಳರ ಹೊತ್ತಿಗೆ ಬರುತ್ತದೆ, ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಟೈಡ್ ಟೇಬಲ್‌ನಲ್ಲಿ, ಅಂದರೆ ಉಬ್ಬರ-ಇಳಿತದ ಸಮಯ ಮತ್ತು ಎತ್ತರದ ಪಟ್ಟಿಯಲ್ಲಿ, ಇಳಿತದ ಎತ್ತರ 0.5 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರುವ ದಿನವನ್ನು ಆರಿಸಿಕೊಳ್ಳಿ. ಇಳಿತಕ್ಕೆ ಒಂದು ಗಂಟೆ ಮೊದಲು ಬಂಡೆಗೆ ಇಳಿದು, ನೀರು ತಿರುಗಿದ ಅರ್ಧ ಗಂಟೆಯೊಳಗೆ ಮೇಲೆ ಬಂದುಬಿಡಬೇಕು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೇ ಒಂದು ಪಾಲು ಮಾತ್ರ ಏರಿದರೆ ಮೂರನೇ ಮತ್ತು ನಾಲ್ಕನೇ ಗಂಟೆಗಳಲ್ಲಿ ತಲಾ ಹನ್ನೆರಡನೇ ಮೂರು ಪಾಲು ಏರುತ್ತದೆ. ನಾಲ್ಕು ಮೀಟರಿನ ಲೆಕ್ಕದಲ್ಲಿ ಅದು ಗಂಟೆಗೆ ಒಂದು ಮೀಟರ್. ಬಗ್ಗಿ ಫೋಟೊ ತೆಗೆಯುತ್ತಿರುವವರ ಹಿಂದಿನ ತಗ್ಗು ಮೊದಲು ತುಂಬಿ, ದಡಕ್ಕೆ ಮರಳುವ ದಾರಿ ಮುಚ್ಚಿಹೋಗುವುದು ಹೀಗೆ. ಮಳೆಗಾಲದಲ್ಲಿ ಈ ಕೆಲಸವೇ ಬೇಡ.

ಸಿಕ್ಕಿದ್ದು ನಿಜಕ್ಕೂ ಸೀ ಸ್ಲಗ್ ಹೌದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮುಂಬಯಿಯ ಬಂಡೆಗಳಲ್ಲಿ ಎಲ್ಲರನ್ನೂ ಏಮಾರಿಸುವುದು ಪೆರೋನಿಯಾ. ಮೈಯೆಲ್ಲ ನರುಲಿ, ಬಂಡೆಯದೇ ಬಣ್ಣ, ನೀರು ಇಳಿದ ಮೇಲೂ ಆರಾಮಾಗಿ ಪಾಚಿ ಮೇಯುತ್ತಿರುತ್ತದೆ. ಇದು ಗಾಳಿ ಉಸಿರಾಡುವ ಜೀವಿ. ತಲೆಯ ಎರಡು ಕೊಂಬುಗಳ ತುದಿಯಲ್ಲಿ ಕಣ್ಣು ಇರುತ್ತದೆ, ಸೀ ಸ್ಲಗ್‌ಗಳಲ್ಲಿ ಹಾಗಿರುವುದಿಲ್ಲ. ಇನ್ನೊಂದು ಚಪ್ಪಟೆ ಹುಳು. ಅದರ ಬಣ್ಣ ಕೆಲವು ಸ್ಲಗ್‌ಗಳದ್ದನ್ನೇ ಹೋಲುತ್ತದೆ. ಆದರೆ ಅಂಚು ಕಾಗದದಷ್ಟು ತೆಳು, ಬೆನ್ನ ಮೇಲೆ ಕಿವಿರಿಲ್ಲ, ಕೊಂಬಿನಂತೆ ಕಾಣುವುದು ಮೈಯ ಮುಂದಂಚಿನದೇ ಮಡಿಕೆ.

ಇನ್ನು ಗುಂಪು. ಬೆನ್ನ ಹಿಂಭಾಗದಲ್ಲಿ ಗರಿಗರಿಯಾದ ಕಿವಿರಿನ ವೃತ್ತ ಇದ್ದು, ತಲೆಯ ಮೇಲಿನ ಎರಡು ಕೊಂಬುಗಳಲ್ಲಿ, ಅಂದರೆ ರೈನೊಫೋರ್‌ಗಳಲ್ಲಿ, ಒಂದರ ಮೇಲೊಂದು ಜೋಡಿಸಿದ ತೆಳು ಎಲೆಗಳಂಥ ಪದರಗಳಿದ್ದರೆ ಅದು ಡೋರಿಡ್. ಕಿವಿರಿನ ವೃತ್ತವಿಲ್ಲದೆ ಬೆನ್ನ ತುಂಬ ಬೆರಳಿನಾಕಾರದ ಚಾಚುಗಳು, ಅಂದರೆ ಸೆರಾಟಾಗಳು, ಇದ್ದರೆ ಏಯೋಲಿಡ್. ಹಸಿರು ಮೈ, ಅಂಚು ಸುರುಳಿಯಾಗಿ ಸುತ್ತಿದ ನಯವಾದ ಕೊಂಬು, ಪಾಚಿಯ ಮೇಲೇ ಕೂತಿದ್ದರೆ ಎಲೀಸಿಯಾದ ಬಳಗ. ಇವು ಪಾಚಿಯ ರಸ ಹೀರಿ ಅದರ ಹರಿತ್ಕಣಗಳನ್ನು ಮೈಯಲ್ಲಿ ಉಳಿಸಿಕೊಳ್ಳುತ್ತವೆ. ತಲೆಯಲ್ಲಿ ಎರಡು ಜೊತೆ ಕೊಂಬು ಎದ್ದು ಕಂಡು, ಕಿವಿರು ಬೆನ್ನಿನ ಮಡಿಕೆಗಳ ಒಳಗೆ ಅಡಗಿದ್ದರೆ ಸೀ ಹೇರ್. ಕೊಂಬೇ ಇಲ್ಲದೆ ತಲೆ ಚಪ್ಪಟೆ ಗುರಾಣಿಯಾಗಿದ್ದರೆ ಅದು ಹ್ಯಾಮಿನೋಯಿಯಾದಂಥ ಗುಂಪು. ಕಿವಿರು ಬಲಬದಿಯ ಅಂಚಿನಡಿ ಇದ್ದರೆ ಪ್ಲೂರೊಬ್ರಾಂಕ್.

ಡೋರಿಡ್‌ಗಳ ವಿಷಯದಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ನಿಮ್ಮ ನೆರಳು ಬಿದ್ದರೂ ಸಾಕು, ಹಲವು ಡೋರಿಡ್‌ಗಳು ಕಿವಿರನ್ನು ಮೈಯೊಳಗಿನ ಚೀಲಕ್ಕೆ ಎಳೆದುಕೊಳ್ಳುತ್ತವೆ. ಆಗ ಬೆನ್ನು ಖಾಲಿ. ನೋಡಿದವರು ಕಿವಿರಿಲ್ಲ ಎಂದು ಬರೆದುಕೊಂಡು ಬೇರೆ ಗುಂಪಿನಲ್ಲಿ ಹುಡುಕುತ್ತಾರೆ. ಬೆನ್ನಿನ ಹಿಂಭಾಗದಲ್ಲಿ ಸಣ್ಣ ಗುಂಡಿಯೋ ಸುಕ್ಕುಗಟ್ಟಿದ ಬಾಯಿಯೋ ಕಂಡರೆ ಕಿವಿರು ಒಳಗಿದೆ ಎಂದೇ ತಿಳಿಯಿರಿ. ಕೈ ಹಚ್ಚದೆ, ನೀರು ಕಲಕದೆ ಕಾಯಬೇಕು. ಹೊರಬಂದ ಮೇಲೆ ಕಿವಿರಿನ ಗರಿಗಳನ್ನು ಎಣಿಸಿ. ಪ್ರತಿ ಗರಿ ಒಂದೇ ಸಲ ಕವಲೊಡೆದಿದೆಯೋ, ಕವಲಿನಲ್ಲಿ ಮತ್ತೆ ಕವಲಿದೆಯೋ ನೋಡಿ. ಬೆನ್ನಿನ ಅಂಚಿನ ಬಣ್ಣದ ಪಟ್ಟಿಗಳನ್ನು ಹೊರಗಿನಿಂದ ಒಳಕ್ಕೆ ಅನುಕ್ರಮವಾಗಿ ಬರೆದುಕೊಳ್ಳಿ. ಕ್ರೋಮೊಡೊರಿಡ್‌ ಎಂಬ ಬಣ್ಣಬಣ್ಣದ ಡೋರಿಡ್‌ಗಳ ಕುಟುಂಬದಲ್ಲಿ ಹತ್ತಿರದ ಪ್ರಭೇದಗಳು ಬೇರೆಯಾಗುವುದು ಎಷ್ಟೋ ಸಲ ಈ ಅನುಕ್ರಮದಿಂದಲೇ. ಅಂಚಿನಲ್ಲಿ ಬಿಳಿ ಚುಕ್ಕೆಗಳಂತೆ ಕಾಣುವ ಗ್ರಂಥಿಗಳಿದ್ದರೆ ಅವು ಸುತ್ತಲೂ ಇವೆಯೋ, ಹಿಂದೆ ಮಾತ್ರವೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸ್ಪಂಜಿನಿಂದ ಪಡೆದ ವಿಷವನ್ನು ಈ ಪ್ರಾಣಿಗಳು ಕೂಡಿಡುವುದು ಅಲ್ಲೇ.

ಬಣ್ಣವನ್ನೇ ಏಕೆ ನಂಬಬಾರದು? ನಮ್ಮ ಪಶ್ಚಿಮ ಕರಾವಳಿಯ ಡೆಂಡ್ರೊಡೋರಿಸ್ ಫ್ಯುಮಾಟಾ ಒಂದೇ ಪ್ರಭೇದ, ಆದರೆ ಕಿತ್ತಳೆ, ಕೆಂಪು, ಬೂದು, ಕಪ್ಪು ಎಲ್ಲ ಬಣ್ಣದಲ್ಲೂ ಸಿಗುತ್ತದೆ. ಅದನ್ನು ಹಿಡಿದುಕೊಡುವುದು ಮೆತ್ತನೆಯ ನಯವಾದ ಮೈ, ಅಲೆಯಲೆಯಾದ ಅಂಚು, ಮತ್ತು ಮೈಗೆ ಹೋಲಿಸಿದರೆ ದೊಡ್ಡದಾಗಿ ಹರಡಿಕೊಳ್ಳುವ ಕಿವಿರು. ಏಯೋಲಿಡ್‌ಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಜೀರ್ಣಗ್ರಂಥಿಯ ಕವಲು ಸೆರಾಟಾದ ಒಳಗೇ ಹೋಗುವುದರಿಂದ, ತಿಂದ ಹೈಡ್ರಾಯಿಡ್ (ಪುಟ್ಟ ಗಿಡದಂತೆ ಕಾಣುವ, ಕುಟುಕುವ ಕಡಲಜೀವಿ) ಬದಲಾದರೆ ಸೆರಾಟಾದ ಬಣ್ಣವೂ ಬದಲಾಗುತ್ತದೆ. ಅಲ್ಲಿ ನೋಡಬೇಕಾದ್ದು ಸೆರಾಟಾಗಳು ಸಾಲುಸಾಲಾಗಿವೆಯೋ ಗುಂಪುಗುಂಪಾಗಿವೆಯೋ, ರೈನೊಫೋರ್ ನಯವಾಗಿದೆಯೋ ಪದರಗಳಿವೆಯೋ, ತಲೆಯ ಮೇಲೆ ಗೆರೆ ಅಥವಾ ಮಚ್ಚೆ ಇದೆಯೋ ಎಂಬುದು.

ಸೀ ಹೇರ್‌ಗಳಲ್ಲಿ ಮುಂಬಯಿಯವರಿಗೆ ಸುಲಭವಾಗಿ ಕಣ್ಣಿಗೆ ಬೀಳುವುದು ಬರ್ಸಟೆಲ್ಲಾ ಲೀಚಿಯೈ. ಕೆಸರು ಕೂತ ಬಂಡೆ, ಮರಳುಗುಂಡಿಗಳಲ್ಲಿ ಕೆಲವೊಮ್ಮೆ ಹಿಂಡುಹಿಂಡಾಗಿ ಇರುತ್ತದೆ. ಬೆಳೆದದ್ದು ಹತ್ತು ಸೆಂಟಿಮೀಟರ್ ಆಸುಪಾಸು, ನಡುಭಾಗ ದಪ್ಪ, ಬಾಲ ಮೋಟು. ಹಸಿರು ಮಿಶ್ರಿತ ಕಂದು ಮೈತುಂಬ ಕವಲೊಡೆದ ಉದ್ದುದ್ದ ಎಳೆಗಳು, ನಡುವೆ ಅಲ್ಲಲ್ಲಿ ಹೊಳೆಯುವ ನೀಲಿ ಚುಕ್ಕೆ. ಕೆಣಕಿದರೆ ನೇರಳೆ ಬಣ್ಣದ ಶಾಯಿ ಬಿಡುತ್ತದೆ. ಇದನ್ನು ಸ್ಟೈಲೊಕೈಲಸ್ ಸ್ಟ್ರಯಾಟಸ್ ಜೊತೆ ಕಲಸಿಬಿಡುವುದು ಸಾಮಾನ್ಯ, ಏಕೆಂದರೆ ಅದಕ್ಕೂ ನೀಲಿ ಚುಕ್ಕೆ ಇದೆ, ಎಳೆಗಳೂ ಇವೆ. ಚುಕ್ಕೆ ಬಿಟ್ಟು ಗೆರೆ ನೋಡಿ. ತಲೆಯಿಂದ ಬಾಲದವರೆಗೆ ಸಮಾನಾಂತರವಾಗಿ ಸಾಗುವ ಸಣ್ಣ ಕಂದು ಗೆರೆಗಳಿದ್ದು, ಮೈ ಚಿಕ್ಕದಾಗಿ ಬಾಲ ಉದ್ದವಾಗಿದ್ದರೆ ಅದು ಸ್ಟೈಲೊಕೈಲಸ್. ಅದು ಪಾಚಿಯಂತೆ ಕಾಣುವ ಎಳೆಎಳೆಯಾದ ಸಯನೊಬ್ಯಾಕ್ಟೀರಿಯಾ ಜೊಂಪೆಗಳಿಗೆ ಅಂಟಿಕೊಂಡಿರುತ್ತದೆ.

ಆಹಾರವನ್ನು ಫೋಟೊದಿಂದ ಕತ್ತರಿಸಿ ಹಾಕುವುದು ದೊಡ್ಡ ನಷ್ಟ. ಬೊರ್ನೆಲ್ಲಾ ಸ್ಟೆಲ್ಲಿಫೆರಾ ಹೈಡ್ರಾಯಿಡ್ ಜೊಂಪೆಯಲ್ಲಿ ಸಿಗುತ್ತದೆ. ಅರೆಪಾರದರ್ಶಕ ಮೈಮೇಲೆ ಕಿತ್ತಳೆಗೆಂಪಿನ ಬಲೆ, ಬೆನ್ನಿನ ಎರಡೂ ಬದಿ ಜೋಡಿಜೋಡಿ ಚಾಚುಗಳು, ಅವುಗಳ ತುದಿಯ ಕೆಳಗೆ ಕಿತ್ತಳೆ ಉಂಗುರ. ಮೊದಲ ನೋಟಕ್ಕೆ ಏಯೋಲಿಡ್ ಅನ್ನಿಸುತ್ತದೆ. ಚಾಚಿನ ಒಳಬದಿಯ ಬುಡದಲ್ಲಿ ಕವಲೊಡೆದ ಕಿವಿರು ಕಂಡರೆ ಆ ಅನುಮಾನ ಹೋಗುತ್ತದೆ. ಮೊಟ್ಟೆಯನ್ನೂ ಬಿಡಬೇಡಿ: ಡೋರಿಡ್‌ಗಳದ್ದು ಹೆಚ್ಚಾಗಿ ಸುರುಳಿ ಸುತ್ತಿದ ಪಟ್ಟಿ, ಸೀ ಹೇರ್‌ಗಳದ್ದು ಸಿಕ್ಕುಸಿಕ್ಕಾದ ದಾರದ ಮುದ್ದೆ.

ಒಂದು ಪ್ರಾಣಿಗೆ ಕನಿಷ್ಠ ಐದು ಫೋಟೊ ಬೇಕು: ಮೇಲಿನಿಂದ ಪೂರ್ತಿ ಮೈ, ಪಕ್ಕದಿಂದ, ರೈನೊಫೋರ್ ಹತ್ತಿರದಿಂದ, ಕಿವಿರು ಹತ್ತಿರದಿಂದ, ಮತ್ತು ಅದು ಕೂತ ಜಾಗ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಸಾಕಾಗುತ್ತದೆ. ಟಾರ್ಚನ್ನು ಎದುರಿನಿಂದ ಹಿಡಿದರೆ ನೀರಿನ ಮೇಲ್ಮೈ ಹೊಳೆದು ಮುಂಬಯಿಯ ಕೆಸರುಕಣಗಳೇ ಚಿತ್ರದಲ್ಲಿ ತುಂಬುತ್ತವೆ, ಬದಿಯಿಂದ ಓರೆಯಾಗಿ ಹಿಡಿಯಿರಿ. ಅಳತೆಗೆ ನಾಣ್ಯ ಇಡಬೇಡಿ, ಒಂದು ರೂಪಾಯಿಯ ನಾಣ್ಯವೇ ಬೇರೆಬೇರೆ ವರ್ಷಗಳಲ್ಲಿ ಬೇರೆಬೇರೆ ಗಾತ್ರದಲ್ಲಿ ಬಂದಿದೆ. ಪ್ಲಾಸ್ಟಿಕ್ ಸ್ಕೇಲಿನ ತುಂಡು ಒಳ್ಳೆಯದು. ಸ್ಲಗ್ಗನ್ನು ಎತ್ತಿ ಡಬ್ಬಿಗೆ ಹಾಕುವ ಅಭ್ಯಾಸ ಬಿಡಿ. ಸ್ವಲ್ಪ ನೀರು ಬಿಸಿಲಿಗೆ ಬೇಗ ಕಾಯುತ್ತದೆ, ಮೆದು ಮೈ ಹರಿಯುತ್ತದೆ, ಏಯೋಲಿಡ್ ಆದರೆ ಹೈಡ್ರಾಯಿಡ್‌ಗಳಿಂದ ಪಡೆದ ಕುಟುಕುಕೋಶಗಳು ಸೆರಾಟಾದ ತುದಿಯಲ್ಲೇ ಇರುತ್ತವೆ.

ಹೆಸರು ಹಾಕುವಾಗ ಹಳೆಯ ಪುಸ್ತಕ ಮತ್ತು ಆ್ಯಪ್ ಎರಡನ್ನೂ ಅಳೆದು ನೋಡಬೇಕು. ಬೊಂಬಾಯಿಯ ಮಾದರಿಗಳಿಂದಲೇ 1946ರಲ್ಲಿ ಮೃದ್ವಂಗಿ ತಜ್ಞ ವಿಂಕ್‌ವರ್ತ್ ವಿವರಿಸಿದ ಪ್ರಭೇದವೊಂದಿದೆ. ಅದರ ಕುಲದ ಹೆಸರು (ಎರಡು ಪದದ ಹೆಸರಿನ ಮೊದಲ ಪದ) ಬದಲಾಗುತ್ತ ಬಂದಿದೆ: ಗ್ಲೊಸೊಡೋರಿಸ್ ಆಗಿ ಶುರುವಾಗಿ, ಕ್ರೋಮೊಡೋರಿಸ್ ಆಗಿ, ಈಗ ಗೋನಿಯೊಬ್ರಾಂಕಸ್ ಬೊಂಬಯಾನಸ್ ಎಂದಾಗಿದೆ. ಈ ನಗರದ ಹೆಸರು ಹೊತ್ತ ಪ್ರಾಣಿಯನ್ನು ಇಲ್ಲಿನವರು ಗುರುತಿಸಲು ಕಲಿತರೆ ಅದಕ್ಕಿಂತ ಸಂತೋಷವೇನಿದೆ. ಉಂಗುರ ಚುಕ್ಕೆಯ ಸೀ ಹೇರ್‌ಗೆ ಹಳೆಯ ಪುಸ್ತಕಗಳಲ್ಲಿ ಅಪ್ಲೀಸಿಯಾ ಡ್ಯಾಕ್ಟಿಲೊಮೆಲಾ ಎಂದಿರುತ್ತದೆ. 2013ರ ನಂತರ ಆ ಹೆಸರು ಅಟ್ಲಾಂಟಿಕ್ ಕಡೆಯದಕ್ಕೆ ಉಳಿದು, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನದು ಅಪ್ಲೀಸಿಯಾ ಆರ್ಗಸ್ ಆಗಿದೆ. ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗಳು ಸೂಚಿಸುವ ಮೊದಲ ಹೆಸರು ಹೆಚ್ಚು ಫೋಟೊ ಇರುವ ದೂರದ ಪ್ರಭೇದದ್ದಾಗಿರಬಹುದು. ಆ ಸೂಚನೆಯನ್ನು ಒಪ್ಪುವ ಮೊದಲು ಅದರ ರೈನೊಫೋರ್, ಕಿವಿರು, ಅಂಚು ಮೂರನ್ನೂ ನಿಮ್ಮ ಚಿತ್ರದೊಂದಿಗೆ ಹೋಲಿಸಿ. ಮೂರರಲ್ಲಿ ಒಂದು ಕಾಣದಿದ್ದರೂ ಕುಲದ ಹೆಸರಿಗೇ ನಿಲ್ಲಿಸಿ, ಚಿತ್ರದ ಜೊತೆ ತಾರೀಕು, ಜಾಗ, ಕೂತಿದ್ದ ಸ್ಪಂಜು ಅಥವಾ ಪಾಚಿಯ ವಿವರ ಬರೆಯಿರಿ. ತಪ್ಪು ಪ್ರಭೇದನಾಮ ಒಮ್ಮೆ ದಾಖಲೆಗೆ ಸೇರಿದರೆ, ಮುಂದೆ ನೋಡುವವರು ಅದನ್ನೇ ಆಧಾರ ಮಾಡಿಕೊಳ್ಳುತ್ತಾರೆ.

ಕಾಲಿಡುವ ಮುನ್ನ ಹವಳ ಇದೆಯೇ ನೋಡಿ. ಮುಂಬಯಿಯ ಬಂಡೆಗಳಲ್ಲೂ ಹವಳ ಇದೆ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕಲ್ಲು ಮಗುಚಿ ನೋಡಿದರೆ, ಮೊದಲು ಇದ್ದ ಮಗ್ಗುಲಿಗೇ ತಿರುಗಿಸಿ ಇಡಿ. ಅಡಿಯಲ್ಲಿ ನೆರಳಿಗೆ ಒಗ್ಗಿದ ಸ್ಪಂಜು ಮತ್ತು ಮೊಟ್ಟೆಗಳು ಬಿಸಿಲಿಗೆ ಬಿದ್ದರೆ ಒಂದೇ ಇಳಿತದಲ್ಲಿ ಸಾಯಬಹುದು.