‘ಹೆಣ್ಮಕ್ಕಳ ಡಾಕ್ಟರ್’: ಒಂದು ಷಷ್ಠಿ ವಿಭಕ್ತಿಯ ಹಿಂದಿನ ಕಥೆ

ಬಾಗಲಕೋಟೆಯ ಯಾವುದೇ ನರ್ಸಿಂಗ್ ಹೋಮಿನ ಚೀಟಿ ಕೌಂಟರಿನ ಹತ್ತಿರ ಸ್ವಲ್ಪ ಹೊತ್ತು ಕುಳಿತರೆ ‘ಹೆಣ್ಮಕ್ಕಳ ಡಾಕ್ಟರ್ ಅದಾರೇನ್ರಿ?’ ಎಂಬ ಪ್ರಶ್ನೆ ಕಿವಿಗೆ ಬೀಳುತ್ತದೆ. ಈ ಕಡೆಯ ಮಾತಿನಲ್ಲಿ ಆ ಷಷ್ಠಿ ವಿಭಕ್ತಿಗೆ ಎರಡು ಅರ್ಥ: ಹೆಂಗಸರಿಗೆ ಚಿಕಿತ್ಸೆ ಕೊಡುವ ಡಾಕ್ಟರು ಎಂಬುದು ಒಂದು, ಸ್ವತಃ ಹೆಂಗಸಾಗಿರುವ ಡಾಕ್ಟರು ಎಂಬುದು ಇನ್ನೊಂದು. ಕೇಳುವವರಿಗೆ ಇವೆರಡೂ ಬೇರೆಯಲ್ಲ. ಕೌಂಟರಿನ ಹುಡುಗಿ ‘ಸರ್ ಅದಾರ್ರಿ, ಮೇಡಂ ಸಂಜಿಗೆ ಬರ್ತಾರ’ ಎಂದರೆ, ಸೊಸೆಯನ್ನು ಕರೆತಂದ ಅತ್ತೆಯು ಬಸುರಿಯರ ತಪಾಸಣೆ ಬರೆದಿಡುವ ‘ತಾಯಿ ಕಾರ್ಡ’ನ್ನು ಮತ್ತೆ ಚೀಲಕ್ಕೆ ಸೇರಿಸಿ ‘ಸಂಜಿತನಾ ಕೂಡ್ತೀವಿ ಬಿಡವಾ’ ಎನ್ನುತ್ತಾಳೆ. ಒಳಗಿರುವ ಸರ್ ಹಾಗೂ ಸಂಜೆ ಬರುವ ಮೇಡಂ ಇಬ್ಬರೂ ಎಂ.ಬಿ.ಬಿ.ಎಸ್. ನಂತರ ಮೂರು ವರ್ಷ ಓದಿ ಪಡೆದಿರುವುದು ಒಂದೇ ಪದವಿ.

ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗದಲ್ಲಿ ಯಾರಿಗೆ ಕೆಲಸ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಇಂದಿಗೂ ಬಹುಮಟ್ಟಿಗೆ ನಿರ್ಧರಿಸುವುದು ಈ ಪ್ರಶ್ನೆಯೇ. ಇದರ ಬೇರು ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

ಮದ್ರಾಸ್ ಮೆಡಿಕಲ್ ಕಾಲೇಜು 1875ರಲ್ಲಿ ನಾಲ್ವರು ಹೆಂಗಸರನ್ನು ಓದಲು ಸೇರಿಸಿಕೊಂಡಿತು. ಬಾಗಲಕೋಟೆ, ವಿಜಯಪುರ, ಬೆಳಗಾವಿಗಳು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜಿನ ಬಾಗಿಲು ಹೆಂಗಸರಿಗೆ ತೆರೆದದ್ದು 1883ರಲ್ಲಿ. ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ದೊರೆಯಬೇಕೆಂಬ ಉದ್ದೇಶದ ಡಫರಿನ್ ನಿಧಿ 1885ರಲ್ಲಿ ಸ್ಥಾಪನೆಯಾಯಿತು. ಮರುವರ್ಷ ಹೆಂಗಸರಿಗಾಗಿ ಮುಂಬಯಿಯ ಕಾಮಾ ಆಸ್ಪತ್ರೆ ಶುರುವಾಯಿತು. ಈ ಎಲ್ಲ ಪ್ರಯತ್ನಗಳ ಹಿಂದೆ ಇದ್ದ ಮುಖ್ಯ ವಾದವೆಂದರೆ, ನಮ್ಮ ಹೆಂಗಸರು ಗಂಡಸು ಡಾಕ್ಟರರಿಂದ ಮೈ ಮುಟ್ಟಿಸಿಕೊಳ್ಳುವುದಿಲ್ಲ, ಆದ್ದರಿಂದ ಹೆಣ್ಣು ಡಾಕ್ಟರರು ಬೇಕು ಎಂಬುದು. ಹೆಣ್ಣಿಗೂ ಓದುವ ಹಕ್ಕಿದೆ ಎಂಬ ಮಾತಿಗೆ ಕಿವಿಗೊಡದವರೂ ಈ ವಾದಕ್ಕೆ ತಲೆಯಾಡಿಸಿದರು. ಬಾಗಿಲು ತೆರೆದದ್ದೇನೋ ನಿಜ, ಆದರೆ ಅದು ಹೆರಿಗೆ ಕೋಣೆಯ ಕಡೆಗೆ ತೆರೆದ ಬಾಗಿಲಾಗಿತ್ತು.

ಭಾರತದ ಮೊದಲ ಹೆಣ್ಣು ಡಾಕ್ಟರರಲ್ಲೊಬ್ಬರಾದ ಆನಂದಿಬಾಯಿ ಜೋಶಿಯವರ ಬದುಕನ್ನೇ ನೋಡಬಹುದು. 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪದವಿ ಪಡೆದ ಅವರ ಪ್ರಬಂಧದ ವಿಷಯ ಪ್ರಸೂತಿ. ಬೆಳಗಾವಿಯ ನೆರೆಯ ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕ ಹುದ್ದೆ ಹೆಂಗಸರ ವಾರ್ಡಿನದು. ಮುಂದಿನ ವರ್ಷವೇ ಕ್ಷಯದಿಂದ ತೀರಿಕೊಂಡ ಅವರು ಆ ವಾರ್ಡಿನಲ್ಲಿ ಕೆಲಸ ಮಾಡಲಾಗಲಿಲ್ಲ. ಶಿವಮೊಗ್ಗದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಎಂ.ಡಿ. ಮುಗಿಸಿ ಬಂದ ಜೆರೂಶಾ ಝಿರಾಡ್ ಕಾಮಾ ಆಸ್ಪತ್ರೆಯನ್ನು ದೀರ್ಘಕಾಲ ನಡೆಸಿದರು. 1950ರಲ್ಲಿ ಪ್ರಸೂತಿ ತಜ್ಞರ ರಾಷ್ಟ್ರೀಯ ಒಕ್ಕೂಟವಾದ ಫಾಗ್ಸಿ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರಾದರು.

ಹಾಗೆಂದು ಈ ವಿಭಾಗ ಗಂಡಸರದಾಗಿರಲಿಲ್ಲ ಎನ್ನುವಂತಿಲ್ಲ. ಗರ್ಭ ಜಾರದಂತೆ ಗರ್ಭಕೊರಳಿಗೆ ಹಾಕುವ ಹೊಲಿಗೆಗೆ ಇಂದಿಗೂ ಇರುವ ಹೆಸರು, 1950ರ ದಶಕದಲ್ಲಿ ಅದನ್ನು ರೂಪಿಸಿದ ವಿ. ಎನ್. ಶಿರೋಡ್ಕರ್ ಅವರದು. ಪಠ್ಯಪುಸ್ತಕ ಬರೆದವರಲ್ಲಿ, ಫಾಗ್ಸಿಯ ನಂತರದ ಅಧ್ಯಕ್ಷರಲ್ಲಿ ಗಂಡಸರ ಹೆಸರುಗಳು ಧಾರಾಳವಾಗಿವೆ. ಶಸ್ತ್ರಚಿಕಿತ್ಸೆಯ ಮೇಜಿನ ಮುಂದೆ ಸರ್ ಒಪ್ಪಿಗೆಯಾದರು, ಹೊರರೋಗಿಗಳ ಕೋಣೆಯಲ್ಲಿ ಮೇಡಂ ಬೇಕಾದರು.

ಈ ಭಾಗದ ಊರುಗಳಲ್ಲಿ ಇದಕ್ಕೊಂದು ಕೌಟುಂಬಿಕ ಪರಿಹಾರವೂ ಹುಟ್ಟಿಕೊಂಡಿತು. ಬೆಳಗಾವಿಯಲ್ಲಿ 1963ರಲ್ಲಿ, ವಿಜಯಪುರದಲ್ಲಿ 1980ರ ದಶಕದಲ್ಲಿ, ಬಾಗಲಕೋಟೆಯಲ್ಲಿ ಈ ಶತಮಾನದ ಆರಂಭದಲ್ಲಿ ಮೆಡಿಕಲ್ ಕಾಲೇಜುಗಳು ಬಂದವು. ಜಮಖಂಡಿ, ಮುಧೋಳ, ಇಳಕಲ್ಲಿನಂಥ ಊರುಗಳಲ್ಲಿ ಗಂಡ ಸರ್ಜನ್ ಅಥವಾ ಮಕ್ಕಳ ಡಾಕ್ಟರು, ಹೆಂಡತಿ ಪ್ರಸೂತಿ ತಜ್ಞೆ, ಕೆಳಗೆ ಆಸ್ಪತ್ರೆ, ಮೇಲೆ ಮನೆ ಎಂಬ ಮಾದರಿ ನೆಲೆಯೂರಿತು. ಎಂ.ಬಿ.ಬಿ.ಎಸ್. ಮುಗಿಸಿದ ಹುಡುಗಿಗೆ ‘ಓಬಿಜಿ (ಪ್ರಸೂತಿ ಮತ್ತು ಸ್ತ್ರೀರೋಗ) ತಗೋ, ಎಲ್ಲಾರ ನಡೀತದ’ ಎಂದು ಹಿರಿಯರು ಹೇಳುವಾಗ ಅವರ ಲೆಕ್ಕದಲ್ಲಿರುವುದು ಸೀಟು ಮಾತ್ರವಲ್ಲ, ವರನೂ ಹೌದು. ಎಲುಬಿನ ವಿಭಾಗ ಬೇಕೆಂದವಳಿಗೆ ಇದೇ ಉತ್ಸಾಹದ ಸಲಹೆ ಸಿಗುವುದು ಅಪರೂಪ.

ಅಷ್ಟರಲ್ಲಿ ಕೆಲಸದ ಸ್ವರೂಪವೇ ಬದಲಾಯಿತು. 2000ದ ದಶಕದ ಮೊದಲರ್ಧದಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನವು ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಹೆರಿಗೆಯ ನಂತರದ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯುತ್ತದೆಂದು ತೋರಿಸಿತು. ಅಲ್ಲಿ ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು ಡಾಕ್ಟರರಲ್ಲ, ಊರಿನವರು ‘ನರ್ಸಮ್ಮ’ ಎನ್ನುವ ಆರೋಗ್ಯ ಸಹಾಯಕಿಯರು. 2005ರಲ್ಲಿ, ಆಸ್ಪತ್ರೆಯಲ್ಲಿ ಹೆರುವವರಿಗೆ ನೆರವಿನ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂದು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದವು. ಸಿಸೇರಿಯನ್ ಪ್ರಮಾಣ ಐದು ವರ್ಷಗಳಲ್ಲಿ ಶೇ 23.6ರಿಂದ ಶೇ 31.5ಕ್ಕೆ ಏರಿತು. ಇದಕ್ಕೆ ದುಡ್ಡಿನಾಸೆಯೊಂದೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಒಬ್ಬಳೇ ಡಾಕ್ಟರು ಹಗಲು ಅರವತ್ತು ರೋಗಿಗಳನ್ನು ನೋಡಿ, ರಾತ್ರಿಯಿಡೀ ಒಂದು ಹೆರಿಗೆ ಬೇನೆಗೆ ಕಾಯುತ್ತ, ಅರಿವಳಿಕೆ ತಜ್ಞರನ್ನು ಬೇರೆ ಆಸ್ಪತ್ರೆಯಿಂದ ಕರೆಸಬೇಕಾದ ಕಡೆ, ಬೆಳಗಿನ ಜಾವದ ಅಪಾಯಕ್ಕಿಂತ ಸಂಜೆ ಏಳರ ಆಪರೇಷನ್ ಸುರಕ್ಷಿತವೆನ್ನಿಸುವುದೂ ಒಂದು ಕಾರಣವೆಂದು ನನಗೆ ಕಾಣುತ್ತದೆ.

ಈಗ ನಡೆಯುತ್ತಿರುವ ಚರ್ಚೆಯಲ್ಲಿ ಎರಡು ದೂರುಗಳಿವೆ. ಗಂಡು ವಿದ್ಯಾರ್ಥಿಗಳು, ತಮಗೆ ಈ ವಿಭಾಗದಲ್ಲಿ ಹೊಟ್ಟೆಪಾಡಿಲ್ಲ, ಕೊನೆಗೆ ಲ್ಯಾಪ್ರೊಸ್ಕೋಪಿಯನ್ನೋ (ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್) ಬಂಜೆತನದ ಚಿಕಿತ್ಸೆಯನ್ನೋ ಹಿಡಿಯಬೇಕು ಎನ್ನುತ್ತಾರೆ. ಹೆಣ್ಣು ಡಾಕ್ಟರರು, ತಮ್ಮನ್ನು ಇಲ್ಲಿಗೇ ತಳ್ಳಲಾಗುತ್ತಿದೆ, ಇಷ್ಟು ಜನ ಇರುವುದರಿಂದಲೇ ಸಂಬಳ ಏರುತ್ತಿಲ್ಲ ಎನ್ನುತ್ತಾರೆ. ಎರಡೂ ಒಂದೇ ನಾಣ್ಯದ ಎರಡು ಮುಖಗಳು. ರೋಗಿ ಹೆಣ್ಣು ಡಾಕ್ಟರನ್ನು ಬಯಸುವುದನ್ನು ತಪ್ಪೆನ್ನಲಾಗದು. ಆದರೆ ಆ ಬಯಕೆಯ ಹೆಸರಿನಲ್ಲಿ ಆಸ್ಪತ್ರೆಗಳು ನೇಮಕಾತಿ ನಿಯಮ ಬರೆಯುವುದು ಬೇರೆ ಮಾತು.

ಹೆರಿಗೆ ರಜೆಯ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ 2017ರ ತಿದ್ದುಪಡಿ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು, ಆದರೆ ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಇಬ್ಬರು ನರ್ಸು, ಒಬ್ಬ ಆಯಾ, ಒಬ್ಬ ಕಾಂಪೌಂಡರ್ ಇರುವ ಹೆರಿಗೆ ಆಸ್ಪತ್ರೆಯಲ್ಲಿ ದುಡಿಯುವ ಡಾಕ್ಟರು ಏಳನೇ ತಿಂಗಳಲ್ಲಿ ತಾನೇ ಬೇರೆಯವರ ಹೆರಿಗೆ ಮಾಡಿಸುತ್ತ, ರಜೆಯ ಮಾತನ್ನು ಮಾಲೀಕರೊಂದಿಗೆ ಹೇಗೆ ಎತ್ತಬೇಕೆಂದು ಯೋಚಿಸುತ್ತಿರುತ್ತಾಳೆ. ಅವಳು ಕೆಲಸ ಬಿಟ್ಟ ಮರುವಾರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವ ಒಂದು ಸಾಲಿನ ಜಾಹೀರಾತಿನಲ್ಲಿ ಪದವಿ, ಸಂಬಳ, ವಸತಿ ಎಲ್ಲಕ್ಕಿಂತ ಮೊದಲು ‘ಲೇಡಿ ಡಾಕ್ಟರ್ ಬೇಕಾಗಿದ್ದಾರೆ’ ಎಂದಿರುತ್ತದೆ.